ತಳ್ಳಿಕೊಂಡು ಹೋಗುವ ಸುಖ

ಬಯಲುಸೀಮೆಯವರಿಗೆ ಸೈಕಲ್ಲೆಂದರೆ ಹತ್ತಿ ಕೂರುವ ವಾಹನ. ನಮ್ಮ ಕಳಸದ ಕಡೆಯವರಿಗೆ ಅದು ಮುಖ್ಯವಾಗಿ ತಳ್ಳಿಕೊಂಡು ಹೋಗುವ ವಾಹನ. ಹತ್ತಿ ಕೂರುವುದೇ ಇಲ್ಲವೆಂದಲ್ಲ, ಇಳಿಜಾರಿನಲ್ಲಿ ಕೂರುತ್ತೇವೆ. ಆದರೆ ಆಗ ನಾವು ಸವಾರಿ ಮಾಡುತ್ತೇವೆ ಅನ್ನುವುದಕ್ಕಿಂತ ದೇವರ ನಾಮ ಹೇಳುತ್ತೇವೆ ಅನ್ನುವುದೇ ಸರಿ. ವಸ್ತಾರೆಯಲ್ಲಿದ್ದ ನನ್ನ ಅಕ್ಕ ಈ ಸಂಗತಿ ಕೇಳಿ, ತಳ್ಳಿಕೊಂಡೇ ಹೋಗೋದಾದ್ರೆ ಒಂದು ಎಮ್ಮೆ ಕಟ್ಟಬಾರದಾ, ಹಾಲಾದ್ರೂ ಕೊಡ್ತಿತ್ತು ಎಂದಿದ್ದಳು. ಅವಳಿಗೇನು ಉತ್ತರ ಹೇಳಬೇಕೆಂದು ಆಗ ನನಗೆ ತೋಚಲಿಲ್ಲ. ಈಗ ಗೊತ್ತಿದೆ. ಎಮ್ಮೆ ಹೊಡೆದುಕೊಂಡು ಹೋಗುವವನು ಎಮ್ಮೆಯ ಹಿಂದೆ ಹೋಗಬೇಕು. ಸೈಕಲ್ಲು ತಳ್ಳುವವರು ಪಕ್ಕಪಕ್ಕದಲ್ಲಿ ಹೋಗಬಹುದು, ಮಾತಾಡಿಕೊಂಡು.

ಆಗ ಯುದ್ಧದ ಕಾಲ. ಕಳಸದಿಂದ ಸಂಸೆಯ ಕಡೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಮೇಲೆ, ಒಬ್ಬ ಬಿಳಿಯ ದೊರೆಯ ಕಾಫಿ ಎಸ್ಟೇಟಿನಲ್ಲಿ ನಾನು ರೈಟರಾಗಿದ್ದೆ. ರೈಟರು ಎಂದರೆ ಏನೋ ದೊಡ್ಡದು ಬರೆಯುವವನು ಎಂದು ತಿಳಿದು ನನ್ನ ಭಾವ ನನ್ನನ್ನು ವಸ್ತಾರೆಯ ತುಂಬ ವಿದ್ವಾಂಸನೆಂದು ಸಾರಿಬಿಟ್ಟಿದ್ದರು. ನಾನು ಬರೆಯುತ್ತಿದ್ದದ್ದು ಯಾವ ಆಳು ಬಂದ, ಯಾವ ಆಳು ಬರಲಿಲ್ಲ, ಕಣದಲ್ಲಿ ಹರಡಿದ ಪಾರ್ಚ್‌ಮೆಂಟ್ ಕಾಫಿಬೀಜ ಒಣಗಿತೋ ಇಲ್ಲವೋ, ಇಷ್ಟೇ. ಈ ಕೆಲಸದ ವಿಶೇಷವೆಂದರೆ ಇದನ್ನು ಮಾಡುವವನ ಜೊತೆ ಯಾರೂ ಮಾತಾಡುವುದಿಲ್ಲ. ನಾನು ಹತ್ತಿರ ಹೋದರೆ ಆಳುಗಳು ಮಾತು ನಿಲ್ಲಿಸುತ್ತಿದ್ದರು. ದೊರೆ ನನ್ನನ್ನು ಕಂಡಕೂಡಲೇ ಬಾಯಿ ತೆರೆಯುತ್ತಿದ್ದರು, ಆದರೆ ಅದಕ್ಕೆ ಮಾತು ಅನ್ನುವ ಹಾಗಿರಲಿಲ್ಲ. ಮೇಸ್ತ್ರಿ ತಿಮ್ಮಪ್ಪನೊಬ್ಬ ನಿಂತು ಮಾತಾಡುತ್ತಿದ್ದ; ಅವನಿಗೆ ಗೊತ್ತಿದ್ದ ವಿಷಯಗಳೆಂದರೆ ನಿನ್ನೆಯ ಬಿಸಿಲು ಮತ್ತು ಇವತ್ತಿನ ಬಿಸಿಲು. ಸಂಜೆ ಕ್ವಾರ್ಟರ್ಸಿನ ಬೀಗ ತೆಗೆದರೆ ಬೆಳಿಗ್ಗೆ ನಾನು ಎಲ್ಲೆಲ್ಲಿ ಏನೇನು ಇಟ್ಟಿದ್ದೆನೋ ಅಲ್ಲಲ್ಲೇ ಇರುತ್ತಿತ್ತು. ಮನೆಯಲ್ಲಿ ಇನ್ನೊಂದು ಜೀವ ಇದ್ದರೆ ಒಂದು ಲೋಟವಾದರೂ ಜಾಗ ಬದಲಾಯಿಸಿರುತ್ತದೆ. ಒಂದೊಂದು ದಿನ ಅನ್ನಕ್ಕಿಡುವಾಗ, ಇವತ್ತು ಅಕ್ಕಿ ಸ್ವಲ್ಪ ಜಾಸ್ತಿ ಹಾಕಲಾ ಎಂದು ನಾನೇ ಕೇಳಿ, ಬೇಡ, ನಿನ್ನೆಯದೇ ಉಳಿದಿದೆ ಎಂದು ನಾನೇ ಹೇಳಿಕೊಳ್ಳುತ್ತಿದ್ದೆ. ಅಷ್ಟು ಬೇಜಾರಿನ ಬದುಕು.

ಮದುವೆ ಮಾಡಿಕೊಳ್ಳಬಾರದಿತ್ತೇ ಎಂದು ನೀವು ಕೇಳುತ್ತೀರಿ. ನಾನೇನು ಬೇಡ ಅಂದಿರಲಿಲ್ಲ. ಅಕ್ಕ ನನ್ನ ಜಾತಕ ಹಿಡಿದುಕೊಂಡು ಚಿಕ್ಕಮಗಳೂರು, ಕಡೂರು ಎಂದು ಕಂಡಕಂಡ ಮನೆಯ ಮೆಟ್ಟಿಲು ಹತ್ತಿ ಇಳಿದಿದ್ದಳು. ಜಾತಕ ಕೂಡುತ್ತಿತ್ತು, ಗೋತ್ರ ಕೂಡುತ್ತಿತ್ತು, ಹುಡುಗ ಇರೋದೆಲ್ಲಿ ಎಂಬ ಪ್ರಶ್ನೆಗೆ ಕಳಸದ ಮೇಲೆ ಎಂದ ಕೂಡಲೇ ಹೆಣ್ಣಿನ ತಂದೆ ಎಲೆಅಡಿಕೆ ತಟ್ಟೆ ಮುಂದಕ್ಕೆ ತಳ್ಳಿ ಎದ್ದುಬಿಡುತ್ತಿದ್ದರು. ಮಲೆನಾಡಿನ ಚಳಿಜ್ವರವೆಂದರೆ ಬಯಲಿನವರಿಗೆ ಅಷ್ಟು ಭಯ. ಒಬ್ಬ ಮಹಾನುಭಾವರು ಮಾತ್ರ ನನ್ನನ್ನು ಖುದ್ದಾಗಿ ನೋಡಿ ಹೋಗಿ, ಹುಡುಗ ಒಪ್ಪಿಗೆ, ಆದರೆ ಚಳಿಜ್ವರಕ್ಕೆ ಹೊಟ್ಟೆಯಲ್ಲಿ ಊದಿಕೊಂಡ ಜ್ವರಗಡ್ಡೆ ಕರಗಿದ ಮೇಲೆ ಹೇಳಿಕಳಿಸಿ ಎಂದರಂತೆ. ನನಗೆ ಜ್ವರಗಡ್ಡೆ ಇರಲೇ ಇಲ್ಲ ಸ್ವಾಮಿ. ಅದು ನನ್ನ ಸ್ವಂತ ಹೊಟ್ಟೆ.

ಇಂಥ ಬದುಕಿನಲ್ಲಿ ನನಗಿದ್ದ ಒಂದೇ ಹಬ್ಬವೆಂದರೆ ಕಳಸದ ಸಂತೆಯ ದಿನ, ಅದರಲ್ಲೂ ಸಂತೆ ಮುಗಿಸಿ ವಾಪಸು ಬರುವ ಹೊತ್ತು. ಊರು ದಾಟಿ ಹಳ್ಳದ ಸೇತುವೆ ಕಳೆದ ಮೇಲೆ ನೆಲ್ಲಿಮರದ ಏರು ಶುರುವಾಗುತ್ತಿತ್ತು. ಬುಡದಲ್ಲಿ ನೆಲ್ಲಿಮರ, ತುದಿಯಲ್ಲಿ ಒಂದು ಹಾಸುಗಲ್ಲು, ನಡುವೆ ತಿರುವಿನ ಮೇಲೆ ತಿರುವು. ಆ ಏರನ್ನು ಕೂತು ಹತ್ತಿದ ಸೈಕಲ್ಲು ಹುಟ್ಟಿರಲಿಲ್ಲ. ನೆಲ್ಲಿಮರದ ಬುಡದಲ್ಲಿ ಇಳಿದು ತಳ್ಳಲು ಶುರು ಮಾಡಿದರೆ ಹಾಸುಗಲ್ಲಿನವರೆಗೆ ನಾವು ನಾಲ್ವರು ಜೊತೆ. ಒಬ್ಬರು ಮೇಲಿನ ಹಳ್ಳಿಯ ಶಾಲೆಯ ಅನಂತಯ್ಯ ಮೇಷ್ಟ್ರು. ಶಾಲೆಗೆ ಅವರೊಬ್ಬರೇ, ಆದ್ದರಿಂದ ಅವರ ಮಾತಿಗೆ ಅಲ್ಲಿ ಎದುರು ಹೇಳುವವರಿರಲಿಲ್ಲ, ಆ ಕೊರತೆಯನ್ನು ನಾವು ತುಂಬುತ್ತಿದ್ದೆವು. ಇನ್ನೊಬ್ಬರು ಸಂಸೆಯ ದೇವೇಗೌಡರು, ಸಿಡುಬು ಬಾರದ ಹಾಗೆ ಮಕ್ಕಳ ತೋಳಿಗೆ ದಾಕು ಹಾಕುವ ಸರ್ಕಾರಿ ನೌಕರರು. ಮೂರನೆಯವನು ಇಬ್ರಾಹಿಂ ಬ್ಯಾರಿ, ಒಣಮೀನಿನ ವ್ಯಾಪಾರಿ, ಸಂಸೆಯ ದಾರಿಯಲ್ಲಿ ಅವನ ಅಂಗಡಿ.

ನಮ್ಮ ಸೈಕಲ್ಲುಗಳ ವಿಚಾರ ಹೇಳಬೇಕು. ಯುದ್ಧದಿಂದಾಗಿ ರಬ್ಬರೇ ಸಿಗುತ್ತಿರಲಿಲ್ಲ. ಮೇಷ್ಟ್ರು ಹಿಂದಿನ ಚಕ್ರಕ್ಕೆ ಟ್ಯೂಬಿಲ್ಲದೆ ಒಣಹುಲ್ಲು ತುರುಕಿಸಿಕೊಂಡಿದ್ದರು. ಸಂತೆಯಲ್ಲಿ ನಿಲ್ಲಿಸಿದರೆ ಅವರ ಸೈಕಲ್ಲನ್ನು ದನಗಳು ಮೂಸುತ್ತಿದ್ದವು, ಇಬ್ರಾಹಿಮನದನ್ನು ನಾಯಿಗಳು ಮೂಸುತ್ತಿದ್ದವು, ದೇವೇಗೌಡರ ಸೈಕಲ್ಲಿನ ಕೆಂಪು ಪೆಟ್ಟಿಗೆ ದೂರದಲ್ಲಿ ಕಂಡರೆ ಸಾಕು, ಮಕ್ಕಳೆಲ್ಲ ಕಾಫಿ ಗಿಡದೊಳಗೆ ನುಗ್ಗಿ ಮಾಯವಾಗುತ್ತಿದ್ದರು. ನನ್ನ ಸೈಕಲ್ಲನ್ನು ಮಾತ್ರ ಯಾರೂ ತಿರುಗಿ ನೋಡುತ್ತಿರಲಿಲ್ಲ. ಇಳಿಜಾರಿಗೆ ನಮ್ಮ ಬ್ರೇಕು ಸಾಲದು. ಅದಕ್ಕೆ ಹಿಂದುಗಡೆ ಒಂದು ಸೊಪ್ಪಿನ ಕೊಂಬೆ ಕಟ್ಟಿ ನೆಲಕ್ಕೆ ಎಳೆಯುತ್ತ ಇಳಿಯುವುದು ವಾಡಿಕೆ. ಯಾವ ಮರದ ಕೊಂಬೆ ಒಳ್ಳೆಯದು ಎಂಬ ಬಗ್ಗೆ ನಮ್ಮಲ್ಲಿ ವರ್ಷಗಟ್ಟಲೆ ತಕರಾರಿತ್ತು. ಮೇಷ್ಟ್ರು ನೇರಳೆಯ ಪಕ್ಷ, ಗೌಡರು ಯಾವುದಾದರೂ ಆದೀತು ಅನ್ನುವ ಪಕ್ಷ. ಕಳಸದಲ್ಲಿ ಸೈಕಲ್ ಷಾಪು ಇಟ್ಟಿದ್ದ ಹುಸೇನ್ ಸಾಬರು ಹಲಸಿಗೆ ಸಮ ಇಲ್ಲ ಎಂದು ಆಣೆ ಇಟ್ಟು ಹೇಳುತ್ತಿದ್ದರು. ಬಹಳ ದಿನದ ಮೇಲೆ ಕಾರಣ ಗೊತ್ತಾಯಿತು: ನಾವು ಷಾಪಿನ ಮುಂದೆ ಬಿಚ್ಚಿ ಹಾಕುತ್ತಿದ್ದ ಬ್ರೇಕುಗಳನ್ನು ಅವರ ಆಡುಗಳು ತಿನ್ನುತ್ತಿದ್ದವು.

ಇಳಿಯುವಾಗ ಯಾರೂ ಮಾತಾಡುವುದಿಲ್ಲ, ಜೀವದ ಮೇಲೆ ಗಮನ ಇರುತ್ತದೆ. ಮಾತೆಲ್ಲ ಏರಿನಲ್ಲೇ. ಅದಕ್ಕೊಂದು ಕಟ್ಟಳೆಯೂ ಬೆಳೆದಿತ್ತು. ಶುರು ಮಾಡಿದ ಕಥೆ ಹಾಸುಗಲ್ಲಿನೊಳಗೆ ಮುಗಿಯಬೇಕು. ಮುಗಿಯದಿದ್ದರೆ ಅಲ್ಲಿಗೇ ನಿಲ್ಲಿಸಿ, ಉಳಿದದ್ದು ಮುಂದಿನ ಸಂತೆಗೆ. ನಡುವೆ ಎಲ್ಲಾದರೂ ಸಿಕ್ಕಿದರೂ ಕೇಳಬಾರದು, ಹೇಳಬಾರದು. ಹೀಗೆ ಅರ್ಧ ಕಥೆ ಹೊತ್ತುಕೊಂಡು ಕ್ವಾರ್ಟರ್ಸಿಗೆ ಬರುವುದೆಂದರೆ ನನಗೆ ಬಲು ಇಷ್ಟ. ವಾರವಿಡೀ ಮನೆಯಲ್ಲಿ ಯಾರೋ ಇದ್ದ ಹಾಗಾಗುತ್ತಿತ್ತು.

ಹೀಗಿರುವಾಗ ನಮ್ಮ ದೊರೆ ಯುದ್ಧಕ್ಕೆ ಹೊರಟರು. ಹೊರಡುವ ದಿನ ನನ್ನನ್ನು ಬಂಗಲೆಗೆ ಕರೆಸಿ, ತಮ್ಮ ಸೀಮೆಯ ಸೈಕಲ್ಲನ್ನು ನನ್ನ ಕೈಗೆ ಕೊಟ್ಟು, ಇನ್ನು ಇದು ನಿನ್ನದು ಎಂದು ಬೆನ್ನು ತಟ್ಟಿದರು. ನನ್ನ ಮೈ ಜುಂ ಎಂದಿತು. ಅದಕ್ಕೆ ಮೂರು ಗೇರು. ಹ್ಯಾಂಡಲಿನ ಹತ್ತಿರ ಒಂದು ಕಡ್ಡಿ, ಅದನ್ನು ಎಳೆದರೆ ತಂತಿಯೊಂದು ಹಿಂದಿನ ಚಕ್ರದೊಳಗೆ ಏನೋ ಮಂತ್ರ ಮಾಡಿ ಏರನ್ನು ಬಯಲು ಮಾಡಿಬಿಡುತ್ತಿತ್ತು. ನನ್ನ ಹಳೆಯದು ಎಸ್ಟೇಟಿನ ಸೈಕಲ್ಲಾದ್ದರಿಂದ ಮೇಸ್ತ್ರಿ ತಿಮ್ಮಪ್ಪನ ಪಾಲಿಗೆ ಹೋಯಿತು. ಅವನು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಜಗುಲಿಯ ಮೇಲೆ ನಿಲ್ಲಿಸಿದ. ಹತ್ತುವುದಿಲ್ಲವೇನೋ ಎಂದರೆ, ಹತ್ತಿದ್ರೆ ಸವೆದೋಗುತ್ತೆ ಅಂದ. ಸಂತೆಯ ದಿನ ಎಂದು ಬರುತ್ತದೋ ಎಂದು ನಾನು ಕಾದೆ.

ಸಂತೆ ಬಂತು. ನೆಲ್ಲಿಮರದ ಬುಡದಲ್ಲಿ ಮೂವರೂ ನನ್ನ ಸೈಕಲ್ಲನ್ನು ಸುತ್ತುವರಿದು, ಮುಟ್ಟಿ, ತಟ್ಟಿ ನೋಡಿದರು. ಮೇಷ್ಟ್ರು ಬಗ್ಗಿ ಚಕ್ರದ ನಡುವಿನ ಗುಂಬಕ್ಕೆ ಕಿವಿಯಿಟ್ಟು ಕೇಳಿದರು. ಹತ್ತಿ ತೋರಿಸು ಮಾರಾಯ ಎಂದರು. ದೊರೆ ಆರಡಿ ಮೀರಿದ ಆಳು, ಸೀಟು ಅವರ ಕಾಲಿನ ಅಳತೆಗೆ ತುಕ್ಕು ಹಿಡಿದು ಕೂತಿತ್ತು. ಪೆಡಲು ಮುಟ್ಟಬೇಕಾದರೆ ನಾನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಜಾರಬೇಕು. ಅಂತೂ ಪಂಚೆ ಎತ್ತಿ ಕಟ್ಟಿ, ಕಡ್ಡಿ ಎಳೆದು, ಹತ್ತಿದೆ. ನಂಬಿದರೆ ನಂಬಿ, ಇಳಿಯದೆ ಹಾಸುಗಲ್ಲಿನವರೆಗೆ ಹೋದೆ. ಹಿಂದಿನಿಂದ ಇಬ್ರಾಹಿಂ ಶಿಳ್ಳೆ ಹಾಕಿದ್ದು ಮೊದಲ ತಿರುವಿನವರೆಗೂ ಕೇಳುತ್ತಿತ್ತು. ಆಮೇಲೆ ಏನೂ ಕೇಳಲಿಲ್ಲ.

ಹಾಸುಗಲ್ಲಿನ ಮೇಲೆ ಕೂತು ಕಾದೆ. ಬೆವರು ಆರಿತು, ಇನ್ನೂ ಕಾದೆ. ಕೊನೆಗೆ ಮೂವರೂ ಹೊಟ್ಟೆ ಹಿಡಿದು ನಗುತ್ತ ಬಂದರು. ಆಗ ನೆನಪಾಯಿತು ನನಗೆ: ಹಿಂದಿನ ಸಂತೆಯಲ್ಲಿ ದೇವೇಗೌಡರು ಒಂದು ಕಥೆಯನ್ನು ಅರ್ಧಕ್ಕೆ ನಿಲ್ಲಿಸಿದ್ದರು. ಸಂಸೆಯ ಹತ್ತಿರ ಒಬ್ಬ ಅಜ್ಜಿ, ದಾಕು ಹಾಕಿಸಬಾರದೆಂದು ಮೊಮ್ಮಗನನ್ನು ಭತ್ತ ತುಂಬುವ ಮರದ ಪತ್ತಾಯದೊಳಗೆ ಬಚ್ಚಿಟ್ಟು ಮುಚ್ಚಳ ಹಾಕಿದ್ದಳು. ಗೌಡರು ತಿಳಿಯದೆ ಅದೇ ಪತ್ತಾಯದ ಮೇಲೆ ಕೂತು ಬೆಲ್ಲದ ಕಾಫಿ ಕುಡಿಯುತ್ತಿದ್ದಾಗ ಕೆಳಗಿನಿಂದ ಮುಚ್ಚಳ ಅಲುಗಾಡಿತು, ಅಲ್ಲಿಗೆ ಹಾಸುಗಲ್ಲು ಬಂದಿತ್ತು. ವಾರವಿಡೀ ನಾನು ಆ ಮುಚ್ಚಳದ ಜೊತೆ ಬದುಕಿದ್ದೆ. ಆಮೇಲೇನಾಯ್ತು ಗೌಡರೇ ಎಂದರೆ, ಅದು ಮುಗಿದೋಯ್ತಲ್ಲ ಮಾರಾಯ, ಇನ್ನೊಂದ್ಸಲ ಹೇಳಿದ್ರೆ ರುಚಿ ಇರಲ್ಲ ಅಂದರು. ಆ ಹುಡುಗ ಹೊರಗೆ ಬಂದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದಿದ್ದರೆ ಇಷ್ಟು ಹೊತ್ತಿಗೆ ಅವನಿಗೆ ಮದುವೆಯೂ ಆಗಿರಬೇಕು.

ಮುಂದಿನ ಸಂತೆಗೆ ಇನ್ನೊಂದು ಬದಲಾವಣೆ ಕಂಡೆ. ಇಷ್ಟು ದಿನ ನನ್ನನ್ನು ಮಾರಾಯ ಎನ್ನುತ್ತಿದ್ದವರು ರೈಟ್ರೇ ಅನ್ನತೊಡಗಿದ್ದರು. ಮೇಷ್ಟ್ರು ನನಗಿಂತ ಎಷ್ಟೋ ದೊಡ್ಡವರು, ಅವರೂ ಬಹುವಚನಕ್ಕೆ ಹತ್ತಿದ್ದರು. ನೀವು ಮುಂದೆ ಹೋಗಿ, ನಮ್ಮದು ನಿಧಾನ ಎಂದು ಮೂವರೂ ದಾರಿ ಬಿಟ್ಟು ನಿಲ್ಲುತ್ತಿದ್ದರು. ಮರ್ಯಾದೆ ಹೆಚ್ಚಾದಷ್ಟೂ ಮನುಷ್ಯ ದೂರವಾಗುತ್ತಾನೆ ಎಂಬುದನ್ನು ನಾನು ಎಸ್ಟೇಟಿನಲ್ಲಿ ನೋಡಿದ್ದೆ, ಏರಿನಲ್ಲೂ ನೋಡುತ್ತೇನೆಂದು ತಿಳಿದಿರಲಿಲ್ಲ. ಒಂದು ಸಲ ನಾನೂ ಇಳಿದು ತಳ್ಳತೊಡಗಿದೆ. ದೇವೇಗೌಡರ ಮುಖ ಗಂಟಿಕ್ಕಿತು. ನಮ್ಮ ಮೇಲೆ ಕನಿಕರ ಬೇಡ ರೈಟ್ರೇ, ಹತ್ತೋ ಸೈಕಲ್ಲನ್ನ ತಳ್ಳಿದ್ರೆ ತಳ್ಳೋರಿಗೆ ಅವಮಾನ ಎಂದರು. ನಾನು ತೆಪ್ಪಗೆ ಹತ್ತಿ ಹೋದೆ. ಮೇಲೆ ಕಾಯಲು ಹೋದರೆ ಅವರು ನಡುವಿನ ತಿರುವಿನಲ್ಲಿ ಎಲೆಅಡಿಕೆಗೆ ಕೂರುತ್ತಿದ್ದರು. ಗುಡ್ಡದ ಮೇಲೆಲ್ಲ ಕಾಫಿ ಹೂ ಬಿಟ್ಟು ಗಮ್ಮೆನ್ನುತ್ತಿದ್ದ ದಿನಗಳು ಅವು. ಅಷ್ಟು ಚೆಂದದ ಹೂವನ್ನು ನೋಡಿದಿಯಾ ಎಂದು ಕೇಳಲು ಪಕ್ಕದಲ್ಲಿ ಒಬ್ಬರೂ ಇರಲಿಲ್ಲ. ಹಾಸುಗಲ್ಲಿನ ಮೇಲೆ ಒಬ್ಬನೇ ಕೂತು ಒಂದು ಸಂಜೆ ಕಣ್ಣೀರು ಹಾಕಿದ್ದೂ ಉಂಟು. ದೊರೆ ಕೊಟ್ಟ ಸೈಕಲ್ಲಿಗೆ ಅಳುವವನು ನಾನೊಬ್ಬನೇ ಇರಬೇಕು.

ಕೊನೆಗೊಂದು ಉಪಾಯ ಹೊಳೆಯಿತು. ಹುಸೇನ್ ಸಾಬರ ಷಾಪಿಗೆ ಹೋಗಿ, ಈ ಗೇರನ್ನು ಸ್ವಲ್ಪ ಕೆಡಿಸಿಕೊಡಿ ಎಂದೆ. ಅವರು ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಅದು ಚಳವಳಿಯ ಕಾಲ, ಬಯಲಿನ ಕಡೆ ಟೆಲಿಗ್ರಾಫ್ ತಂತಿ ಕತ್ತರಿಸುತ್ತಿದ್ದಾರೆ ಎಂಬ ಸುದ್ದಿ ಇತ್ತು. ಸಾಬರು ದನಿ ತಗ್ಗಿಸಿ, ನೀವೂ ಸೇರಿಬಿಟ್ರಾ ರೈಟ್ರೇ, ಆದ್ರೆ ದೊರೆ ಸೈಕಲ್ಲಿನ ತಂತಿ ಕತ್ತರಿಸಿದ್ರೆ ಸ್ವರಾಜ್ಯ ಬರುತ್ತಾ ಎಂದು ಕೇಳಿದರು. ದೇಶಕ್ಕಾಗಿ ಅಲ್ಲ, ಮಾತಿಗಾಗಿ ಎಂದು ಅವರಿಗೆ ಹೇಗೆ ಹೇಳುವುದು? ಎದ್ದು ಬಂದೆ. ಸೇತುವೆಯ ಹತ್ತಿರ ಯಾರೂ ಇಲ್ಲದ್ದು ನೋಡಿ ನಾನೇ ತಂತಿ ಬಿಚ್ಚಿ ಸುತ್ತಿ ಜೇಬಿಗೆ ಹಾಕಿಕೊಂಡೆ.

ನೆಲ್ಲಿಮರದ ಬುಡದಲ್ಲಿ ಮುಖ ಸಪ್ಪಗೆ ಮಾಡಿಕೊಂಡು, ಗೇರು ಹೋಯ್ತು ಎಂದೆ. ಮೂವರೂ ಅಯ್ಯೋ ಪಾಪ ಎಂದರು. ಹೊರಟೆವು, ನಾಲ್ವರೂ ಪಕ್ಕಪಕ್ಕದಲ್ಲಿ, ಮೊದಲಿನ ಹಾಗೆ. ನನಗೆ ಕುಣಿಯುವಷ್ಟು ಸಂತೋಷ. ಮೊದಲ ತಿರುವಿನವರೆಗೆ ಗೇರು ಹೇಗೆ ಹೋಯಿತೆಂಬ ವಿಚಾರಣೆ ಆಯಿತು. ಎಣ್ಣೆ ಬಿಡಬೇಕು ಎಂದರು ಮೇಷ್ಟ್ರು, ಎಣ್ಣೆ ಜಾಸ್ತಿ ಆಗಿ ಹೋಗಿದೆ ಎಂದರು ಗೌಡರು. ಅಲ್ಲಿಗೆ ಮಾತು ನಿಂತಿತು. ಎರಡನೆಯ ತಿರುವಿನವರೆಗೆ ಚಕ್ರದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ನಾನೇ ಒಂದು ಕಥೆ ಶುರು ಮಾಡಿದೆ; ನನ್ನ ಕಥೆ ಎಂದರೆ ತಿಮ್ಮಪ್ಪ ಮತ್ತು ಬಿಸಿಲು, ಎಷ್ಟು ದೂರ ಹೋದೀತು? ಗೌಡರು ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಇಬ್ರಾಹಿಮನ ಮುಖ ನೋಡಿದರು. ಇಬ್ರಾಹಿಂ ಸೈಕಲ್ಲು ನಿಲ್ಲಿಸಿ, ಮೀನಿನ ಬುಟ್ಟಿಯ ಹಗ್ಗ ಬಿಗಿ ಮಾಡಿದ, ಬಿಗಿಯಾಗಿದ್ದ ಹಗ್ಗವನ್ನೇ.

"ಒಂದು ಮಾತು ಹೇಳ್ತೇನೆ, ಬೇಜಾರು ಮಾಡ್ಕೊಬೇಡಿ ಮಾರಾಯ್ರೆ," ಎಂದ. "ನೀವು ಮುಂದೆ ಹೋಗ್ತಾ ಇದ್ರೆ ನಮಗೆ ಏರಿನುದ್ದಕ್ಕೂ ನಿಮ್ದೇ ಮಾತು. ಈಗ ನೀವೇ ಪಕ್ಕದಲ್ಲಿದ್ರೆ ನಾವು ಎಂಥ ಮಾತಾಡೋದು ಹೇಳಿ."

ಮೇಷ್ಟ್ರು ಕೆಮ್ಮಿ, ಕೆಟ್ಟ ಮಾತೇನಲ್ಲ ಎಂದರು. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಆ ಎತ್ತರದ ಸೀಟಿನ ಮೇಲೆ ನಾನು ಜಾರುವುದು ಮೊಟ್ಟೆಗೆ ಕೂತ ಕೊಕ್ಕರೆಯ ಹಾಗಿರುತ್ತದಂತೆ. ಇದು ಗೌಡರ ಸಂಶೋಧನೆ. ನನ್ನ ಪಂಚೆ ಚೈನಿಗೆ ಸಿಕ್ಕಿ ನಾನು ಅದರ ಜೊತೆ ಜಗಳವಾಡಿದ್ದನ್ನು ಮೇಷ್ಟ್ರು ಅಭಿನಯಿಸಿ ತೋರಿಸುತ್ತಾರಂತೆ. ಅದಲ್ಲದೆ ಒಂದು ಪಂದ್ಯ. ದೊಡ್ಡ ತಿರುವಿನಲ್ಲಿ ನಾನು ಹಿಂದಕ್ಕೆ ತಿರುಗಿ ಇವರನ್ನು ನೋಡುತ್ತೇನೋ ಇಲ್ಲವೋ ಎಂದು ಪ್ರತಿ ಸಂತೆಗೂ ಇಬ್ರಾಹಿಮನಿಗೂ ಗೌಡರಿಗೂ ಒಂದು ಚಿಟಿಕೆ ನಶ್ಯದ ಬಾಜಿ.

"ಯಾರು ಗೆಲ್ಲೋದು?" ಎಂದೆ.

"ನಾನೇ," ಎಂದ ಇಬ್ರಾಹಿಂ. "ನೀವು ಒಂದು ಸಲವೂ ನೋಡದೆ ಹೋದೋರಲ್ಲ. ಗೌಡ್ರ ಡಬ್ಬಿ ಖಾಲಿಯಾಯ್ತು."

ನಾನು ತಿರುಗಿ ನೋಡುತ್ತಿದ್ದೆ ಎಂಬುದೇ ನನಗೆ ತಿಳಿದಿರಲಿಲ್ಲ. ಜೇಬಿನಿಂದ ತಂತಿ ತೆಗೆದೆ. ಅದನ್ನು ಕಂಡು ಮೂವರಲ್ಲಿ ಒಬ್ಬರೂ ನಗಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು. ಗೌಡರು ನನ್ನ ಸೈಕಲ್ಲು ಹಿಡಿದುಕೊಂಡರು, ಮೇಷ್ಟ್ರೇ ಬಗ್ಗಿ ತಂತಿ ಸಿಕ್ಕಿಸಿದರು. ನಾನು ಹತ್ತಿ ಹೊರಟೆ. ತಿರುವು ಕಳೆದು ಸ್ವಲ್ಪ ದೂರ ಹೋಗುವುದರೊಳಗೆ ಕೆಳಗಿನಿಂದ ನಗು ಕೇಳಿತು, ಎಷ್ಟೋ ಸಂತೆಗಳಿಗೆ ಸಾಕಾಗುವಷ್ಟು ದೊಡ್ಡ ನಗು. ತಂತಿಯ ಕಥೆ ಶುರುವಾಗಿತ್ತು.

ಅಂದಿನಿಂದ ನಾನು ಏರಿನಲ್ಲಿ ನನ್ನ ಕೈಲಾದದ್ದನ್ನು ಮಾಡುತ್ತ ಬಂದೆ. ಒಂದು ಸಂತೆ ಚರಂಡಿಯ ಕಡೆಗೆ ವಾಲುತ್ತಿದ್ದೆ, ಒಂದು ಸಂತೆ ಟೋಪಿ ಹಾರಿಸಿಕೊಂಡು ಅದರ ಹಿಂದೆ ಓಡುತ್ತಿದ್ದೆ. ಗೌಡರ ನಶ್ಯದ ಮೇಲೆ ದಯೆ ಬಂದಾಗ ತಿರುವಿನಲ್ಲಿ ಕತ್ತು ಬಿಗಿ ಹಿಡಿದು ನೇರ ಹೋಗುತ್ತಿದ್ದೆ, ಹಾಗೆ ಹೋಗುವುದು ಏರು ಹತ್ತುವುದಕ್ಕಿಂತ ಕಷ್ಟ. ಕೆಳಗಿನಿಂದ ನಗು ಬಂದರೆ ಆ ವಾರದ ಅನ್ನ ಗಂಟಲಲ್ಲಿ ಇಳಿಯುತ್ತಿತ್ತು. ಒಂದು ಸಂತೆಯ ದಿನ ಮಾತ್ರ ನಿಜವಾಗಿಯೂ ಚಳಿಜ್ವರ ಬಂದು, ಮೈಯೆಲ್ಲ ನಡುಗುತ್ತ, ಒಮ್ಮೆ ಮನೆ ಸೇರಿದರೆ ಸಾಕೆಂದು ಏನೂ ಚೇಷ್ಟೆ ಮಾಡದೆ ನೆಟ್ಟಗೆ ಹತ್ತಿ ಹೋಗಿಬಿಟ್ಟೆ. ಮುಂದಿನ ಸಂತೆಗೆ ನೆಲ್ಲಿಮರದ ಬುಡದಲ್ಲಿ ಮೇಷ್ಟ್ರು ನನ್ನ ಹ್ಯಾಂಡಲಿನ ಮೇಲೆ ಕೈಯಿಟ್ಟರು.

"ಹೋದ ವಾರ ನೀನಿಲ್ಲದೆ ಏರು ಸಾಗಲೇ ಇಲ್ಲ ಮಾರಾಯ," ಎಂದರು.

ಹೋದ ವಾರ ಏರಿನುದ್ದಕ್ಕೂ ನಿಮ್ಮ ಕಣ್ಣೆದುರಿಗೇ ಇದ್ದೆನಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅದರ ಬದಲು ಈ ವಾರ ಸರಿಯಾಗಿ ಒಂದು ಸಲ ಬಿದ್ದುಬಿಡುತ್ತೇನೆ ಎಂದು ಮಾತು ಕೊಟ್ಟು ಹತ್ತಿ ಹೊರಟೆ.